ಭೂಮಿ ಬಿಸಿಯಾದಷ್ಟೂ ಮೋಡ ಜಾಸ್ತಿಯಾಗಿ ತಾನೇ ತಂಪಾಗುತ್ತದಂತೆ, ನಿಜವಾ?

ಮಲ್ನಾಡ್_ಸೀಮೆ:

ನಮಸ್ಕಾರ ಎಲ್ಲರಿಗೂ. ನಮ್ಮ ಭಾವನ ಜೊತೆ ಒಂದು ವಾದ ನಡೆಯುತ್ತಿದೆ, ಮುಗಿಯುವ ಹಾಗೆ ಕಾಣುತ್ತಿಲ್ಲ. ಅವರು ಹೇಳುವುದು ಇಷ್ಟು. ಬಿಸಿ ಜಾಸ್ತಿಯಾದರೆ ಸಮುದ್ರದ ನೀರು ಜಾಸ್ತಿ ಆವಿಯಾಗುತ್ತದೆ, ಆವಿ ಜಾಸ್ತಿಯಾದರೆ ಮೋಡ ಜಾಸ್ತಿ, ಮೋಡ ಜಾಸ್ತಿಯಾದರೆ ಬಿಸಿಲು ಕಮ್ಮಿ, ಅಲ್ಲಿಗೆ ಭೂಮಿ ಮತ್ತೆ ತಂಪು. ಪ್ರಕೃತಿಗೆ ತನ್ನನ್ನು ತಾನು ನೋಡಿಕೊಳ್ಳುವುದು ಗೊತ್ತು, ಈ ಕಾರ್ಬನ್ ಗಲಾಟೆಯೆಲ್ಲ ಸುಮ್ನೆ ಅಂತ.

ಕೇಳಿದರೆ ಸರಿ ಅನಿಸುತ್ತದೆ. ಜುಲೈನಲ್ಲಿ ಮೋಡ ಕವಿದರೆ ನಮ್ಮ ಕಡೆ ಹಗಲು ತಂಪಾಗಿಯೇ ಇರುತ್ತದೆ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೆ ಉಷ್ಣವಲಯದ ಮೋಡಗಳು ತಾಪಮಾನವನ್ನು ಇನ್ನೂ ಏರಿಸುತ್ತವೆ ಅಂತ ಬೇರೆ ಕಡೆ ಓದಿದೆ. ಎರಡೂ ಒಟ್ಟಿಗೆ ಹೇಗೆ ಸರಿ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಲಿಂಕ್ ಹಾಕಿ ಹೋಗಬೇಡಿ ದಯವಿಟ್ಟು, ಭಾವ ಲಿಂಕ್ ಓದುವವರಲ್ಲ.

ಅರಳಿಕಟ್ಟೆ:

ನಿಮ್ಮ ಭಾವ ಹಗಲಿನ ಲೆಕ್ಕ ಮಾತ್ರ ಹಾಕಿದ್ದಾರೆ. ರಾತ್ರಿಯದು ಯಾರು ಹಾಕಬೇಕು? ಡಿಸೆಂಬರ್‌ನಲ್ಲಿ ಆಕಾಶ ಶುಭ್ರವಾಗಿದ್ದರೆ ಬೆಳಗಿನ ಜಾವ ಚಳಿ ಕೊರೆಯುತ್ತದೆ. ಅದೇ ಮೋಡ ಮುಚ್ಚಿಕೊಂಡರೆ ಅಷ್ಟು ಚಳಿ ಇರುವುದಿಲ್ಲ. ನೆಲದ ಶಾಖವನ್ನು ಮೋಡ ಮೇಲೆ ಹೋಗಲು ಬಿಡುವುದಿಲ್ಲ, ಅಷ್ಟೇ ವಿಷಯ.

ಕಾರ್ಮುಗಿಲು:

ಅಷ್ಟೇ ವಿಷಯ ಆಗಿದ್ದರೆ ನಮ್ಮಂಥವರಿಗೆ ಕೆಲಸವೇ ಇರುತ್ತಿರಲಿಲ್ಲ ಅರಳಿಕಟ್ಟೆಯವರೇ :) ಉತ್ತರ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಭಾವನವರ ಮಾತಿನಲ್ಲಿ ಎಲ್ಲಿ ಕೊಂಡಿ ಕಳಚಿದೆ ನೋಡೋಣ. ಬಿಸಿಯಾದರೆ ಆವಿ ಜಾಸ್ತಿ, ಅದು ಸರಿ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದುಕೊಳ್ಳಬಲ್ಲ ಆವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಆದರೆ ಆವಿ ಹೆಚ್ಚಿದ ಮಾತ್ರಕ್ಕೆ ಮೋಡ ಹೆಚ್ಚುವುದಿಲ್ಲ. ಮೋಡ ಕಟ್ಟಬೇಕಾದರೆ ಗಾಳಿಯಲ್ಲಿ ಅದರ ಮಿತಿ ಮೀರಿ ಆವಿ ಇರಬೇಕು. ಗಾಳಿಯೇ ಬಿಸಿಯಾದಾಗ ಆ ಮಿತಿಯೂ ಮೇಲಕ್ಕೆ ಹೋಗುತ್ತದೆ. ಆವಿಯೂ ಏರಿತು, ಮಿತಿಯೂ ಏರಿತು, ಮೋಡದ ಪಾಲು ಹೆಚ್ಚುಕಮ್ಮಿ ಇದ್ದಲ್ಲೇ ಉಳಿಯಿತು. ಇನ್ನೊಂದು, ಗಾಳಿ ಒಂದು ಕಡೆ ಮೇಲೇರಿದರೆ ಮತ್ತೊಂದು ಕಡೆ ಇಳಿಯಲೇಬೇಕು. ಇಳಿಯುವ ಕಡೆ ಅದು ಬಿಸಿಯಾಗಿ ಒಣಗುತ್ತದೆ, ಮೇಲಿನ ಮೋಡ ಕಟ್ಟುವುದಿಲ್ಲ. ಮಳೆಗಾಲದಲ್ಲಿ ಬಂಗಾಳಕೊಲ್ಲಿಯ ಮೇಲೆ ಮೋಡ ದಟ್ಟೈಸಿರುವಾಗಲೇ ಅರೇಬಿಯಾದ ಮರಳುಗಾಡಿನ ಆಕಾಶ ಖಾಲಿ ಇರುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ಸಾಲದ್ದಕ್ಕೆ, ಹೆಚ್ಚಿದ ಆವಿ ಸುಮ್ಮನೆ ಕೂರುವುದಿಲ್ಲ. ಅದು ತಾನೇ ಒಂದು ಹಸಿರುಮನೆ ಅನಿಲ, ಮೋಡವಾಗದೆಯೂ ಶಾಖ ಹಿಡಿಯುತ್ತದೆ.

ಇನ್ನು ಮೋಡ. ಅದಕ್ಕೆ ಎರಡು ಕೆಲಸ. ಬಿಸಿಲನ್ನು ವಾಪಸ್ ಕಳಿಸುವುದು ಒಂದು, ಕೆಳಗಿನ ಶಾಖವನ್ನು ತಡೆಯುವುದು ಇನ್ನೊಂದು. ಇಡೀ ಭೂಮಿಯ ಸರಾಸರಿ ತೆಗೆದರೆ ಮೋಡಗಳು ಪ್ರತಿ ಚದರ ಮೀಟರಿಗೆ ಸುಮಾರು 45ರಿಂದ 50 ವ್ಯಾಟ್ ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ, 25ರಿಂದ 30 ವ್ಯಾಟ್ ಶಾಖವನ್ನು ತಡೆಹಿಡಿಯುತ್ತವೆ. ಕಳೆದರೆ ಸುಮಾರು 20 ವ್ಯಾಟ್ ತಂಪು. ಹೋಲಿಕೆಗೆ ಹೇಳುವುದಾದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಹೆಚ್ಚುವ ಶಾಖ 4 ವ್ಯಾಟ್‌ಗಿಂತ ಚೂರು ಕಡಿಮೆ. ಅಂದರೆ ಮೋಡದ ಲೆಕ್ಕದಲ್ಲಿ ಸಣ್ಣ ಏರುಪೇರಾದರೂ ಅದು ದೊಡ್ಡ ಮಾತೇ.

ಇಲ್ಲಿಯೇ ಎಲ್ಲರೂ ಎಡವುವುದು. ಮೋಡ ಇವತ್ತು ಭೂಮಿಯನ್ನು ತಂಪಾಗಿಟ್ಟಿದೆ, ನಿಜ. ಆದರೆ ಪ್ರಶ್ನೆ ಅದಲ್ಲ. ಭೂಮಿ ಬಿಸಿಯಾಗುತ್ತಾ ಹೋದಾಗ ಆ 20 ವ್ಯಾಟ್ 21 ಆಗುತ್ತದೋ 19 ಆಗುತ್ತದೋ ಅನ್ನುವುದು ಪ್ರಶ್ನೆ. ಮನೆಯಲ್ಲಿ ಸಂಬಳ ಬರುತ್ತಿದೆ ಅನ್ನುವುದು ಬೇರೆ, ಮುಂದಿನ ವರ್ಷ ಅದು ಏರುತ್ತದೋ ಇಳಿಯುತ್ತದೋ ಅನ್ನುವುದು ಬೇರೆ ಅಲ್ವಾ. ಭಾವ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಗೆದ್ದೆ ಅನ್ನುತ್ತಿದ್ದಾರೆ.

ಎರಡನೆಯದಕ್ಕೆ ಉತ್ತರ ಮೋಡ ಎಷ್ಟು ಎತ್ತರದ್ದು ಅನ್ನುವುದರ ಮೇಲೆ ನಿಂತಿದೆ. ಉಷ್ಣವಲಯದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಗುಡುಗು ಮಳೆ ತರುವ ಎತ್ತರದ ಮೋಡ. ಬುಡದಿಂದ ತುದಿಗೆ ಹತ್ತು ಹನ್ನೆರಡು ಕಿಲೋಮೀಟರ್ ಏರಿ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಆ ಹರಡಿದ ಭಾಗ ಮಂಜುಗಡ್ಡೆಯ ಕಣ. ಇನ್ನೊಂದು, ಸಮುದ್ರದ ಮೇಲೆ ಒಂದು ಒಂದೂವರೆ ಕಿಲೋಮೀಟರ್ ಎತ್ತರದಲ್ಲೇ ತಳ ಹಿಡಿದು ಕೂರುವ ತೆಳು ಮೋಡ.

ಎತ್ತರದ್ದರಲ್ಲಿ ಒಂದು ವಿಚಿತ್ರ ಇದೆ. ಅದರ ಹರಡಿದ ತುದಿಯ ತಾಪಮಾನ ಸುಮಾರು ಮೈನಸ್ 50 ಡಿಗ್ರಿ. ಕೆಳಗೆ ಸಮುದ್ರ ಬಿಸಿಯಾದರೂ ಆ ತುದಿ ಬಿಸಿಯಾಗುವುದಿಲ್ಲ, ಬದಲಿಗೆ ಇನ್ನೂ ಮೇಲಕ್ಕೆ ಹೋಗಿ ಹೆಚ್ಚುಕಡಿಮೆ ಅದೇ ಮೈನಸ್ 50ರಲ್ಲಿ ನಿಲ್ಲುತ್ತದೆ. 2002ರಲ್ಲಿ ಡೆನಿಸ್ ಹಾರ್ಟ್‌ಮನ್ ಮತ್ತು ಕ್ರಿಸ್ಟಿನ್ ಲಾರ್ಸನ್ ಇದನ್ನು ಮುಂದಿಟ್ಟರು. ಕಾರಣ ಸರಳ, ಆದರೆ ಯಾರಿಗೂ ಥಟ್ಟನೆ ಹೊಳೆಯುವಂಥದ್ದಲ್ಲ. ಮೇಲಿನ ಗಾಳಿ ತಂಪಾಗುವುದು ಆವಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುವುದರಿಂದ. ತೀರಾ ತಣ್ಣಗಿರುವ ಕಡೆ ಆವಿಯೇ ಇರುವುದಿಲ್ಲ, ಹಾಗಾಗಿ ತಂಪಾಗುವುದೂ ನಿಂತುಹೋಗುತ್ತದೆ, ಮೇಲೇರುವ ಗಾಳಿಗೆ ಅಲ್ಲಿಂದ ಮುಂದೆ ದಾರಿಯಿಲ್ಲ, ಪಕ್ಕಕ್ಕೆ ಹರಡುತ್ತದೆ. ಆವಿ ಎಷ್ಟಿರಬೇಕು ಅನ್ನುವುದನ್ನು ತೀರ್ಮಾನಿಸುವುದು ತಾಪಮಾನ, ಎತ್ತರವಲ್ಲ. ಆದ್ದರಿಂದ ಮೋಡ ಆ ತಾಪಮಾನವನ್ನು ಹುಡುಕಿಕೊಂಡು ಮೇಲೇರುತ್ತದೆ.

ಪರಿಣಾಮ ಏನು? ನೆಲ ಮತ್ತು ಸಮುದ್ರ ಮೊದಲಿಗಿಂತ ಜಾಸ್ತಿ ಶಾಖ ಬಿಡುತ್ತಿವೆ, ಮೋಡದ ತುದಿ ಮಾತ್ರ ಆಕಾಶಕ್ಕೆ ಮೊದಲಿನಷ್ಟೇ ಬಿಡುತ್ತಿದೆ. ನಡುವಿನದು ಒಳಗೇ ಉಳಿಯುತ್ತದೆ. ಬಿಸಿ ಏರುತ್ತದೆ.

ಕೆಳಗಿನ ಮೋಡದ ಕಥೆ ಪೂರ್ತಿ ಬೇರೆ. ಪೆರು, ನಮೀಬಿಯಾ, ಕ್ಯಾಲಿಫೋರ್ನಿಯಾ ಕರಾವಳಿಗಳಾಚೆ ತಣ್ಣನೆಯ ಸಮುದ್ರದ ಮೇಲೆ ಇವು ನೂರಾರು ಕಿಲೋಮೀಟರ್ ಹಾಸಿಕೊಂಡಿರುತ್ತವೆ. ಇವು ಸಮುದ್ರಕ್ಕೆ ಹತ್ತಿರ, ಹಾಗಾಗಿ ಸಮುದ್ರಕ್ಕಿಂತ ತುಂಬಾ ತಣ್ಣಗೇನೂ ಇಲ್ಲ, ಶಾಖ ತಡೆಯುವುದರಲ್ಲಿ ಇವುಗಳ ಪಾತ್ರ ಅಷ್ಟಕ್ಕಷ್ಟೆ. ಆದರೆ ಮೇಲಿಂದ ನೋಡಿದರೆ ಕಪ್ಪು ನೀರಿನ ಮೇಲೆ ಬೆಳ್ಳಗೆ. ಸಮುದ್ರ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ಶೇ 6ರ ಆಸುಪಾಸು ಮಾತ್ರ ವಾಪಸ್ ಕಳಿಸುತ್ತದೆ, ದಪ್ಪನೆಯ ಮೋಡದ ಹಾಸು ಅದರ ಎಷ್ಟೋ ಪಟ್ಟು. ಅಪ್ಪಟ ತಂಪುಕಾರಕ ಅಂದರೆ ಇದೇ. ದುರದೃಷ್ಟಕ್ಕೆ ಬಿಸಿಯಾದಾಗ ಮೇಲಿನ ಒಣಗಾಳಿ ಇದರೊಳಗೆ ನುಗ್ಗಿ ಒಣಗಿಸುವುದು ಜಾಸ್ತಿಯಾಗುತ್ತದೆ, ಹಾಸು ತೆಳುವಾಗುತ್ತದೆ, ತೂತು ಬೀಳುತ್ತದೆ, ಬಿಸಿಲು ಸೀದಾ ಸಮುದ್ರಕ್ಕೆ.

ಒಟ್ಟಿನಲ್ಲಿ ಎರಡೂ ಜಾತಿ ನಮ್ಮ ವಿರುದ್ಧವೇ ವಾಲುತ್ತವೆ. ಒಂದು ಮೇಲೇರಿ, ಇನ್ನೊಂದು ಕಮ್ಮಿಯಾಗಿ.

ಸುಮ್ನೆ_ಕೇಳಿದೆ:

ಚೆನ್ನಾಗಿ ಬರೆದಿದ್ದೀರಿ ಕಾರ್ಮುಗಿಲು, ಆದರೆ ಒಂದೇ ಪಕ್ಷದ ವಾದ. ಅಮೆರಿಕದ ಎಂಐಟಿಯ ಹವಾಮಾನ ವಿಜ್ಞಾನಿ ರಿಚರ್ಡ್ ಲಿಂಡ್ಜನ್ 2001ರಲ್ಲೇ ಹೇಳಿದ್ದರಲ್ಲ? ಸಮುದ್ರ ಬಿಸಿಯಾದರೆ ಮೋಡದೊಳಗಿನ ನೀರು ಹೆಚ್ಚು ಮಳೆಯಾಗಿಯೇ ಸುರಿದುಬಿಡುತ್ತದೆ, ಮೇಲೆ ಹರಡಲು ಕಡಿಮೆ ಉಳಿಯುತ್ತದೆ, ಎತ್ತರದ ತೆಳು ಮೋಡ ಕುಗ್ಗುತ್ತದೆ, ಶಾಖ ಹೊರಗೆ ಹೋಗಲು ಕಿಂಡಿ ತೆರೆದುಕೊಳ್ಳುತ್ತದೆ ಅಂತ. ಕಣ್ಣಿನ ಪಾಪೆ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದಕ್ಕೆ ಹೋಲಿಸಿ ‘ಐರಿಸ್’ ಅಂತ ಅವರೇ ಹೆಸರಿಟ್ಟಿದ್ದರು. ನಮ್ಮವರೇ ಆದ ರಾಮನಾಥನ್ ಕೂಡ 1991ರಲ್ಲಿ ಮೋಡ ಉಷ್ಣವಲಯದ ಸಮುದ್ರಕ್ಕೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಅಂದಿದ್ದರು. ಇವರೆಲ್ಲ ಅವಿವೇಕಿಗಳಾ? ಮಲ್ನಾಡ್ ಅವರ ಭಾವ ಹೇಳಿದ್ದು ಇದನ್ನೇ ಅಲ್ವಾ?

ಭೌತಶಾಸ್ತ್ರ_ಮೇಷ್ಟ್ರು:

ಐರಿಸ್ ವಿಷಯ ಕಾರ್ಮುಗಿಲು ಅವರೇ ಹೇಳಲಿ. ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡುವವನು, ಮೈನಸ್ 50ರ ವಿಷಯಕ್ಕೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ, ಯಾರು ಬೇಕಾದರೂ ಕ್ಯಾಲ್ಕುಲೇಟರ್‌ನಲ್ಲಿ ಮಾಡಬಹುದು. ಸ್ಟೀಫನ್ ಬೋಲ್ಟ್ಸ್‌ಮನ್ ನಿಯಮ, ಅಂದರೆ ವಸ್ತು ಬಿಡುವ ಶಾಖ ಕೆಲ್ವಿನ್‌ನಲ್ಲಿ ಅದರ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ. ಸಮುದ್ರ 28 ಡಿಗ್ರಿ, ಅಂದರೆ 301 ಕೆಲ್ವಿನ್. ಅದು ಬಿಡುವ ಶಾಖ ಚದರ ಮೀಟರಿಗೆ ಸುಮಾರು 465 ವ್ಯಾಟ್. ಮೋಡದ ತುದಿ 220 ಕೆಲ್ವಿನ್, ಅಂದರೆ ಮೈನಸ್ 50ರ ಆಸುಪಾಸು ಅಂದುಕೊಳ್ಳಿ, ಅದು ಬಿಡುವುದು 133 ವ್ಯಾಟ್ ಅಷ್ಟೇ. ಸಮುದ್ರ ಒಂದು ಡಿಗ್ರಿ ಏರಿದರೆ 465 ಹೋಗಿ 471 ಆಗುತ್ತದೆ. ಮೋಡದ ತುದಿ ಅದೇ 220ರಲ್ಲಿ ನಿಂತರೆ 133 ಹಾಗೇ 133. ಮೋಡವಿಲ್ಲದ ಕಡೆಯೂ ಆ 471ರಲ್ಲಿ ಒಂದಷ್ಟನ್ನು ಆವಿ ಹಿಡಿಯುತ್ತದೆ, ಆದ್ದರಿಂದ 6 ವ್ಯಾಟ್ ಪೂರ್ತಿ ಮೋಡದ ಖಾತೆಗೆ ಬರೆಯುವಂತಿಲ್ಲ. ಆದರೆ ಲೆಕ್ಕ ಯಾವ ಕಡೆ ವಾಲುತ್ತದೆ ಅನ್ನುವುದು ಸ್ಪಷ್ಟ ಇದೆ.

ನಮ್ಮ ಭೂಗೋಳ ಪಠ್ಯದಲ್ಲಿ ಪದರ ಮೋಡ, ರಾಶಿ ಮೋಡ, ಹಿಮಕಣ ಮೋಡ ಅಂತ ಹೆಸರು ಬಾಯಿಪಾಠ ಮಾಡಿಸಿ ಬಿಟ್ಟುಬಿಡುತ್ತಾರೆ. ಯಾವುದು ತಂಪು ಮಾಡುತ್ತದೆ, ಯಾವುದು ಬಿಸಿ ಮಾಡುತ್ತದೆ ಅಂತ ಒಂದು ಸಾಲು ಸೇರಿಸಿದರೆ ಏನು ಕಳೆದುಹೋಗುತ್ತದೋ.

ಕಾರ್ಮುಗಿಲು:

ಮೇಷ್ಟ್ರೇ, ಲೆಕ್ಕ ಪಸಂದಾಗಿದೆ. ನಮ್ಮ ಮೊದಲ ವರ್ಷದ ಹುಡುಗರಿಗೆ ಕೊಡುತ್ತೇನೆ.

ಸುಮ್ನೆ_ಕೇಳಿದೆ ಅವರೇ, ಅವಿವೇಕಿಗಳು ಅಂತ ಯಾರೂ ಹೇಳಿಲ್ಲ. ಲಿಂಡ್ಜನ್ ಎತ್ತಿದ ಪ್ರಶ್ನೆ ಒಳ್ಳೆಯದು, ಕೊಟ್ಟ ಉತ್ತರ ನಿಲ್ಲಲಿಲ್ಲ. ಮರುವರ್ಷವೇ ಎರಡು ಕಡೆಯಿಂದ ಪೆಟ್ಟು ಬಿತ್ತು. ಒಂದು, ಅವರು ನೋಡಿದ ಮೋಡದ ಬದಲಾವಣೆಯಲ್ಲಿ ದೊಡ್ಡ ಭಾಗ ಉಷ್ಣವಲಯದ ಗುಡುಗು ಮೋಡಗಳಿಂದ ದೂರದ, ಅವಕ್ಕೆ ಸಂಬಂಧವೇ ಇಲ್ಲದ ಮೋಡಗಳದ್ದು ಅಂತ ಹಾರ್ಟ್‌ಮನ್ ಮತ್ತು ಮಿಕೆಲ್ಸನ್ ತೋರಿಸಿದರು. ಎರಡು, ನಾಸಾದ ಉಪಗ್ರಹದಲ್ಲಿದ್ದ ಸೆರೆಸ್ ಉಪಕರಣ ಅಳೆದಾಗ ಆ ಮೋಡಗಳು ಲಿಂಡ್ಜನ್ ಅಂದುಕೊಂಡದ್ದಕ್ಕಿಂತ ಬೆಳ್ಳಗಿದ್ದವು. ಬೆಳ್ಳಗಿರುವ ಮೋಡ ಕುಗ್ಗಿದರೆ ಶಾಖ ಹೊರಗೆ ಹೋಗುವುದರ ಜೊತೆ ಬಿಸಿಲೂ ಒಳಗೆ ಬರುತ್ತದೆ, ಲಾಭ ಅಲ್ಲಿಗಲ್ಲಿಗೆ ಸರಿಹೋಯಿತು.

ಆದರೆ ನೀವು ಹೇಳಿದ್ದರಲ್ಲಿ ಒಂದು ಸತ್ಯದ ಎಳೆ ಇದೆ, ಅದನ್ನು ಮುಚ್ಚಿಡುವುದು ಬೇಡ. ಬಿಸಿಯಾದಾಗ ಹರಡಿದ ಮೋಡದ ವಿಸ್ತಾರ ಸ್ವಲ್ಪ ಕುಗ್ಗುತ್ತದೆ ಅಂತ ಈಗ ತುಂಬಾ ಜನ ಒಪ್ಪುತ್ತಾರೆ. ಸಾಂಡ್ರಿನ್ ಬೋನಿ ಮತ್ತು ಸಂಗಡಿಗರು 2016ರಲ್ಲಿ ಅದಕ್ಕೆ ಲಿಂಡ್ಜನ್ ಹೇಳಿದ್ದಲ್ಲದ ಬೇರೆ ಕಾರಣ ಕೊಟ್ಟರು. ಮೇಲಿನ ಗಾಳಿ ಹೆಚ್ಚು ಸ್ಥಿರವಾಗುವುದರಿಂದ ಮೋಡದಿಂದ ಪಕ್ಕಕ್ಕೆ ಹರಿಯುವ ಗಾಳಿಯೇ ಕಡಿಮೆಯಾಗುತ್ತದೆ ಅಂತ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಇದನ್ನೂ ಲೆಕ್ಕಕ್ಕೆ ಹಿಡಿದಿದೆ. ಒಂದು ಡಿಗ್ರಿ ಏರಿಕೆಗೆ, ಚದರ ಮೀಟರಿಗೆ, ವ್ಯಾಟ್‌ನಲ್ಲಿ ಹೇಳುವುದಾದರೆ ಹೀಗೆ: ಎತ್ತರದ ಮೋಡ ಮೇಲೇರುವುದರಿಂದ 0.20 ಬಿಸಿ, ಅದರ ವಿಸ್ತಾರ ಕುಗ್ಗುವುದರಿಂದ 0.15 ತಂಪು, ಸಮುದ್ರದ ಮೇಲಿನ ಕೆಳಮೋಡ ಕಮ್ಮಿಯಾಗುವುದರಿಂದ 0.20 ಬಿಸಿ. ನೆಲದ ಮೇಲಿನದು, ಧ್ರುವದ ಕಡೆಯದು ಎಲ್ಲ ಕೂಡಿಸಿ ಕಳೆದರೆ ಜಗತ್ತಿಗೆ ಒಟ್ಟು 0.42 ಬಿಸಿಯ ಕಡೆಗೆ. ಅನುಮಾನದ ಅಂಚು ದೊಡ್ಡದೇ ಇದೆ, ಮೈನಸ್ 0.10ರಿಂದ 0.94ರವರೆಗೆ. ಭೂಮಿ ಒಂದು ಡಿಗ್ರಿ ಬಿಸಿಯಾದರೆ ಹೆಚ್ಚುವರಿ ಹೊರಗೆ ಬಿಡುವುದು 3.2 ವ್ಯಾಟ್, ಅದರ ಪಕ್ಕದಲ್ಲಿಟ್ಟು ಈ ಅಂಕಿ ನೋಡಿ. ಮೋಡ ಒಂದೇ ನಮ್ಮನ್ನು ಮುಳುಗಿಸುವುದಿಲ್ಲ. ಕಾಪಾಡುವುದಂತೂ ಇಲ್ಲ.

ವೀರಭದ್ರನ್ ರಾಮನಾಥನ್ ವಿಷಯ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಬೆಂಗಳೂರಿನ ಐಐಎಸ್‌ಸಿ) ಓದಿ ಅಮೆರಿಕಕ್ಕೆ ಹೋದವರು, ಸಿಎಫ್‌ಸಿ (ಹಿಂದೆ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಅನಿಲ) ಕೂಡ ಹಸಿರುಮನೆ ಅನಿಲ ಅಂತ 1975ರಲ್ಲಿ ತೋರಿಸಿಕೊಟ್ಟವರು. ಮೋಡಗಳು ಒಟ್ಟಾರೆ ಭೂಮಿಯನ್ನು ತಂಪು ಮಾಡುತ್ತವೆ ಅನ್ನುವುದನ್ನು ಉಪಗ್ರಹದ ಅಳತೆಯಿಂದ ಸ್ಥಾಪಿಸಿದ 1989ರ ಕೆಲಸವೂ ಅವರದ್ದೇ ತಂಡದ್ದು. ಥರ್ಮೋಸ್ಟಾಟ್ ಮಾತು ಅವರು ಮತ್ತು ವಿಲಿಯಂ ಕಾಲಿನ್ಸ್ ಹೇಳಿದ್ದು, 1987ರ ಎಲ್ ನಿನೋ (ಪೂರ್ವ ಪೆಸಿಫಿಕ್‌ನ ನೀರು ಬಿಸಿಯಾಗುವ ಕಾಲ) ದತ್ತಾಂಶ ಇಟ್ಟುಕೊಂಡು. ಸಮುದ್ರ ತೀರಾ ಬಿಸಿಯಾದರೆ ದಟ್ಟ ಮೋಡ ಮುಚ್ಚಿ ಅದನ್ನು 32 ಡಿಗ್ರಿ ದಾಟಲು ಬಿಡುವುದಿಲ್ಲ ಅನ್ನುವುದು ಸಾರಾಂಶ. ಎಲ್ ನಿನೋದಲ್ಲಿ ಆಗುವುದು ಮೋಡಗಳ ಜಾಗ ಬದಲಾವಣೆ. ಇಲ್ಲಿಂದ ಅಲ್ಲಿಗೆ ಹೋದ ಮೋಡವನ್ನು ನೋಡಿ ಮೋಡ ಹೆಚ್ಚಿತು ಅನ್ನಲಾಗದು. ಟೀಕೆ ಬಂದದ್ದು ಹೆಚ್ಚಾಗಿ ಈ ಕಾರಣಕ್ಕೇ. ಪಶ್ಚಿಮ ಪೆಸಿಫಿಕ್‌ನ ಬಿಸಿನೀರಿನ ಪ್ರದೇಶ ಆಮೇಲೂ ಬಿಸಿಯಾಗುತ್ತಲೇ ಬಂದಿದೆ, ವಿಸ್ತಾರವೂ ಹೆಚ್ಚಿದೆ.

ಸುಮ್ನೆ_ಕೇಳಿದೆ:

ಸರಿ, ಮೈನಸ್ 0.10 ಅಂತ ನೀವೇ ಬರೆದಿರಿ. ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತಾಯಿತು, ನನಗೆ ಅಷ್ಟು ಸಾಕು.

ಕಾರ್ಮುಗಿಲು:

ಇನ್ನೊಂದು ತುದಿಯ 0.94 ಕೂಡ ಅದೇ ಬಾಗಿಲಿನಿಂದ ಒಳಗೆ ಬರುತ್ತದೆ ಸ್ವಾಮಿ.

ರಾಕೆಟ್‌ಪ್ರಿಯ:

ಉಪಗ್ರಹದ ಮಾತು ಬಂತು, ನಮ್ಮದನ್ನು ಯಾರೂ ಹೇಳಲಿಲ್ಲವಲ್ಲ. ಉಷ್ಣವಲಯದ ಮೋಡಕ್ಕೆಂದೇ ಇಸ್ರೋ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ಮಾಡಿದ ‘ಮೇಘಾ ಟ್ರಾಪಿಕ್ಸ್’. 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ18ರಲ್ಲಿ ಹೋಯಿತು. ಸಾಮಾನ್ಯವಾಗಿ ಇಂಥ ಉಪಗ್ರಹಗಳನ್ನು ಧ್ರುವದಿಂದ ಧ್ರುವಕ್ಕೆ ಸುತ್ತಿಸುತ್ತಾರೆ, ಆಗ ಒಂದೇ ಜಾಗವನ್ನು ದಿನಕ್ಕೆ ಒಂದೆರಡು ಸಲ ನೋಡಬಹುದು. ಇದನ್ನು ಸಮಭಾಜಕಕ್ಕೆ ಬರೀ 20 ಡಿಗ್ರಿ ಓರೆಯಲ್ಲಿ ಸುತ್ತಿಸಿದರು, ಹಾಗಾಗಿ ಉಷ್ಣವಲಯದ ಒಂದೇ ಜಾಗದ ಮೇಲೆ ದಿನಕ್ಕೆ ಹಲವು ಸಲ ಹಾದುಹೋಗುತ್ತಿತ್ತು. ಬೆಳಿಗ್ಗೆ ಹುಟ್ಟಿ ಸಂಜೆ ಸುರಿದು ರಾತ್ರಿ ಕರಗುವ ಮೋಡವನ್ನು ಹಿಡಿಯಬೇಕಾದರೆ ಹಾಗೆಯೇ ಆಗಬೇಕು. ಅದರಲ್ಲಿದ್ದ ಸ್ಕಾರಬ್ ಅನ್ನುವ ಉಪಕರಣ ವಾಪಸ್ ಹೋಗುವ ಬಿಸಿಲು ಮತ್ತು ಹೊರಹೋಗುವ ಶಾಖ ಎರಡನ್ನೂ ಅಳೆಯುತ್ತಿತ್ತು, ಅಂದರೆ ಈ ಥ್ರೆಡ್‌ನ ಇಡೀ ಜಗಳವನ್ನು ಅಳೆಯುತ್ತಿತ್ತು ಅನ್ನಿ. ಸಫೀರ್ ಅನ್ನುವುದು ಗಾಳಿಯ ತೇವ ನೋಡುತ್ತಿತ್ತು. ಮದ್ರಾಸ್ ಅನ್ನುವ ಇನ್ನೊಂದು ಉಪಕರಣ 2013ರಲ್ಲೇ ಕೈಕೊಟ್ಟಿತು, ಅದು ಬೇಸರದ ವಿಷಯ. ಮೂರು ವರ್ಷಕ್ಕೆ ಅಂತ ಮಾಡಿದ್ದು 2021ರವರೆಗೆ ದತ್ತಾಂಶ ಕೊಟ್ಟಿತು. 2023ರ ಮಾರ್ಚ್ 7ರಂದು ಬೆಂಗಳೂರಿನ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದಲೇ ಆಜ್ಞೆ ಕೊಟ್ಟು ಪೆಸಿಫಿಕ್ ಮೇಲೆ ಬೀಳಿಸಿದರು, ಯಾರ ತಲೆ ಮೇಲೂ ಬೀಳದ ಹಾಗೆ.

ಈಗ ಯುರೋಪ್ ಮತ್ತು ಜಪಾನ್‌ನವರ ಅರ್ತ್‌ಕೇರ್ ಇದೆ, 2024ರ ಮೇನಲ್ಲಿ ಹೋದದ್ದು. ಅದರಲ್ಲಿ ಮೋಡದೊಳಗೆ ತೂರಿ ನೋಡುವ ರೇಡಾರ್, ಲೇಸರ್ ಎರಡೂ ಇವೆ.

ಮಲ್ನಾಡ್_ಸೀಮೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಎರಡು ಪ್ರಶ್ನೆ ಉಳಿದಿವೆ. ಒಂದು, ನಮ್ಮ ಮುಂಗಾರು ಮೋಡವೂ ಇದೇ ಲೆಕ್ಕಕ್ಕೆ ಬರುತ್ತದಾ? ಎರಡು, ಅನುಮಾನದ ಅಂಚು ಅಷ್ಟು ದೊಡ್ಡದು ಅಂದಿರಿ. ಕಂಪ್ಯೂಟರ್ ಇಷ್ಟು ಮುಂದುವರಿದಿರುವಾಗ ಮೋಡದ ವಿಷಯದಲ್ಲಿ ಮಾತ್ರ ಯಾಕೆ ಒದ್ದಾಟ?

ಕಾರ್ಮುಗಿಲು:

ಎರಡನೆಯದು ಮೊದಲು. ಹವಾಮಾನದ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತವೆ, ಒಂದೊಂದು ಚೌಕ ಸಾಮಾನ್ಯವಾಗಿ 100 ಕಿಲೋಮೀಟರ್ ಆಸುಪಾಸು. ಬೆಂಗಳೂರಿನಿಂದ ರಾಮನಗರ, ಮದ್ದೂರು, ಮಂಡ್ಯ ಎಲ್ಲ ಒಂದೇ ಚೌಕದಲ್ಲಿ ಬಂದುಬಿಡುತ್ತವೆ. ಮೋಡ ಒಂದು ಕಿಲೋಮೀಟರ್ ಅಗಲದ್ದೂ ಇರಬಹುದು. ಚೌಕದೊಳಗೆ ಕಾಣದ ಮೋಡವನ್ನು ಸೂತ್ರದಲ್ಲಿ ಅಂದಾಜು ಮಾಡಬೇಕು, ಒಬ್ಬೊಬ್ಬರ ಸೂತ್ರ ಒಂದೊಂದು. 1979ರಲ್ಲಿ ಜೂಲ್ ಚಾರ್ನಿ ನೇತೃತ್ವದ ಸಮಿತಿ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ 1.5ರಿಂದ 4.5 ಡಿಗ್ರಿ ಏರುತ್ತದೆ ಅಂದಿತ್ತು. ಆ ಅಂತರ 40 ವರ್ಷ ಜಪ್ಪಯ್ಯ ಅಂದರೂ ಕುಗ್ಗಲಿಲ್ಲ, ಮುಖ್ಯ ತಕರಾರು ಮೋಡದ್ದೇ. 2021ಕ್ಕೆ ಅದು 2.5ರಿಂದ 4ಕ್ಕೆ ಬಂತು, ಅದೂ ಮಾದರಿಗಳಿಂದ ಮಾತ್ರ ಅಲ್ಲ, ಹಳೆಯ ಹವಾಮಾನದ ಕುರುಹು, ಅಳತೆ ಎಲ್ಲ ಸೇರಿಸಿ.

ಅಳತೆ ಅಂದೆನಲ್ಲ, ನನಗೆ ತುಂಬಾ ಇಷ್ಟವಾದದ್ದು 2020ರ ಜನವರಿ ಫೆಬ್ರುವರಿಯಲ್ಲಿ ಬಾರ್ಬಡೋಸ್ ಹತ್ತಿರ ನಡೆದ ಯುರೆಕಾ ಪ್ರಯೋಗ. ವಿಮಾನ, ಹಡಗು ಎಲ್ಲ ಕಟ್ಟಿಕೊಂಡು ಹೋಗಿ, ವಿಮಾನದಿಂದ ನೂರಾರು ಅಳತೆ ಕೊಳವೆ ಉದುರಿಸಿ, ಅಲ್ಲಿನ ಪುಟ್ಟ ಪುಟ್ಟ ರಾಶಿ ಮೋಡ ಬಿಸಿಗೆ ಒಣಗಿ ಮಾಯವಾಗುತ್ತವಾ ಅಂತ ನೋಡಿದರು. ತೀರಾ ಹೆಚ್ಚು ಬಿಸಿ ತೋರಿಸುತ್ತಿದ್ದ ಮಾದರಿಗಳು ಹೌದು ಅನ್ನುತ್ತಿದ್ದವು. ಅಳತೆ ಮಾತ್ರ ಇಲ್ಲ ಅಂದಿತು, 2022ರಲ್ಲಿ ಪ್ರಕಟವಾಯಿತು. ಆ ಮೋಡಗಳು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಇಂಥ ನೆಮ್ಮದಿಯ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡಿ.

ನೆಮ್ಮದಿ ಇಲ್ಲದ ಸುದ್ದಿಯೂ ಇದೆ. ಕಳೆದ ಸುಮಾರು 40 ವರ್ಷದಲ್ಲಿ ಪೆಸಿಫಿಕ್‌ನ ಪಶ್ಚಿಮ ಭಾಗ ಚೆನ್ನಾಗಿ ಬಿಸಿಯಾಯಿತು, ಪೂರ್ವ ಭಾಗ ಆಗಲಿಲ್ಲ, ಕೆಲವು ಕಡೆ ತಣ್ಣಗೂ ಆಯಿತು. ಪಶ್ಚಿಮದ ಗುಡುಗು ಮೋಡಗಳು ಎತ್ತಿಕೊಟ್ಟ ಶಾಖ ಮೇಲಿನ ಗಾಳಿಯಲ್ಲಿ ಇಡೀ ಉಷ್ಣವಲಯಕ್ಕೆ ಹರಡುತ್ತದೆ. ಪೂರ್ವದಲ್ಲಿ ಕೆಳಗೆ ತಣ್ಣನೆ ನೀರು, ಮೇಲೆ ಬಿಸಿ ಗಾಳಿ. ಕೆಳಮೋಡಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಂದರೆ ಇಷ್ಟು ದಿನ ಮೋಡಗಳು ನಮಗೆ ಸ್ವಲ್ಪ ರಿಯಾಯಿತಿ ಕೊಟ್ಟಿವೆ. ಪೂರ್ವ ಪೆಸಿಫಿಕ್ ಕೂಡ ಬಿಸಿಯಾಗತೊಡಗಿದರೆ ಆ ರಿಯಾಯಿತಿ ಹೋಗುತ್ತದೆ. 2023ರಲ್ಲಿ ತಾಪಮಾನ ದಿಢೀರ್ ಏರಿದಾಗ ವಿವರಣೆಗೆ ಸಿಗದೆ ಉಳಿದ ಸುಮಾರು 0.2 ಡಿಗ್ರಿಗೆ ಕೆಳಮೋಡ ಕಮ್ಮಿಯಾದದ್ದು ಕಾರಣ ಇರಬಹುದು ಅಂತ ಜರ್ಮನಿಯ ಆಲ್ಫ್ರೆಡ್ ವೆಗನರ್ ಸಂಸ್ಥೆಯವರು 2024ರ ಡಿಸೆಂಬರ್‌ನಲ್ಲಿ ಬರೆದರು.

ಈಗ ನಮ್ಮ ಮುಂಗಾರು. ಇದು ನಿಜಕ್ಕೂ ಬೇರೆ ಥರ. ಪಶ್ಚಿಮ ಪೆಸಿಫಿಕ್‌ನಲ್ಲಿ ಎತ್ತರದ ಮೋಡಗಳ ತಂಪು ಮತ್ತು ಬಿಸಿ ಹೆಚ್ಚುಕಡಿಮೆ ಒಂದಕ್ಕೊಂದು ಸರಿಹೋಗುತ್ತವೆ, ಉಳಿಯುವುದು ಸೊನ್ನೆಗೆ ಹತ್ತಿರ. ಇದು ಉಷ್ಣವಲಯದ ಎಲ್ಲ ಕಡೆಗೂ ಅನ್ವಯ ಅಂತ ತುಂಬಾ ಜನ ನಂಬಿದ್ದರು. ಹವಾಮಾನ ಇಲಾಖೆಯ ಎಂ. ರಾಜೀವನ್ ಮತ್ತು ಟಾಟಾ ಇನ್‌ಸ್ಟಿಟ್ಯೂಟ್‌ನ ಜೆ. ಶ್ರೀನಿವಾಸನ್ 2000ದಲ್ಲಿ ಏಷ್ಯಾದ ಮುಂಗಾರು ಪ್ರದೇಶ ಹಾಗಲ್ಲ ಅಂತ ತೋರಿಸಿದರು. ಇಲ್ಲಿ ಮೋಡ ಎಷ್ಟು ದಟ್ಟ, ಎಷ್ಟು ಹೆಚ್ಚು ಅಂದರೆ ತಂಪೇ ಗೆಲ್ಲುತ್ತದೆ, ಚದರ ಮೀಟರಿಗೆ 30 ವ್ಯಾಟ್‌ಗೂ ಮೀರಿ. ಬೇರೆ ಉಷ್ಣವಲಯದ ಮಳೆ ಪ್ರದೇಶಗಳಲ್ಲಿ ಇದು ಕಾಣುವುದಿಲ್ಲ. ಮೋಡದ ನೆರಳು ಸಮುದ್ರಕ್ಕೂ ತಟ್ಟುತ್ತದೆ. ಮಳೆ ಜೋರಾಗಿರುವ ದಿನಗಳಲ್ಲಿ ಬಂಗಾಳಕೊಲ್ಲಿಯ ನೀರು ತಣಿಯುತ್ತದೆ, ಮಳೆ ಬಿಡುವು ಕೊಟ್ಟಾಗ ಬಿಸಿಲಿಗೆ ಮತ್ತೆ ಬಿಸಿಯಾಗುತ್ತದೆ. 1999ರ ಜುಲೈ ಆಗಸ್ಟ್‌ನಲ್ಲಿ ಸಾಗರ ಕನ್ಯಾ ಹಡಗಿನಲ್ಲಿ ಹೋಗಿ ಇದನ್ನು ಅಳೆದಿದ್ದಾರೆ. ಬಾಬ್‌ಮೆಕ್ಸ್ ಅಂತ ಆ ಪ್ರಯೋಗದ ಹೆಸರು. ಮೋಡ ಕಟ್ಟಬೇಕಾದರೆ ನಮ್ಮ ಸಮುದ್ರ ಸುಮಾರು 28 ಡಿಗ್ರಿ ದಾಟಬೇಕು ಅಂತ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಷ್ಟು ಹಿಂದೆಯೇ ಹೇಳಿದ್ದರು. ದಾಟಿದ ಮೇಲೆ ಇನ್ನೂ ಬಿಸಿಯಾದರೆ ಮೋಡ ಇನ್ನೂ ಜಾಸ್ತಿ ಅನ್ನುವ ಲೆಕ್ಕ ಅಲ್ಲಿಯೂ ನಡೆಯುವುದಿಲ್ಲ. ಇದು ಭಾವನವರಿಗೆ ಬೇಕಾದರೆ ಹೇಳಿ.

ಹಾಗಾಗಿ ಜುಲೈನಲ್ಲಿ ನಿಮ್ಮೂರು ತಂಪಾಗಿರುವುದು ಸುಳ್ಳಲ್ಲ. ಆದರೆ ಅದನ್ನು ನೋಡಿ ಪೆರುವಿನ ಕರಾವಳಿಯ ಮೋಡ ಏನು ಮಾಡುತ್ತದೆ ಅಂತ ಹೇಳಲಾಗದು, ಜಗತ್ತಿನ ತಾಪಮಾನಕ್ಕೆ ಹೆಚ್ಚು ಮುಖ್ಯ ಆಗುವುದು ಅಲ್ಲಿಯದೇ.

ಅರಳಿಕಟ್ಟೆ:

ಹಾಗಾದರೆ ಆ ಕೆಳಮೋಡವನ್ನು ನಾವೇ ಬೆಳ್ಳಗೆ ಮಾಡಿದರೆ? ನಮ್ಮಲ್ಲಿ 2017ರಲ್ಲಿ ವರ್ಷಧಾರೆ ಅಂತ ಮೋಡ ಬಿತ್ತನೆ ಮಾಡಿದ ಹಾಗೆ.

ಕಾರ್ಮುಗಿಲು:

ಮೋಡ ಬಿತ್ತನೆ ಇರುವ ಮೋಡದಿಂದ ಮಳೆ ಕರೆಯುವುದಕ್ಕೆ, ಇದು ಬೇರೆ. ಸಮುದ್ರದ ಉಪ್ಪುನೀರನ್ನು ಸಣ್ಣ ಕಣವಾಗಿ ಸಿಂಪಡಿಸಿ ಕೆಳಮೋಡದ ಹನಿಗಳನ್ನು ಚಿಕ್ಕದು ಮಾಡಿ ಹೆಚ್ಚು ಬೆಳ್ಳಗೆ ಮಾಡಬಹುದು ಅನ್ನುವ ಯೋಚನೆ ಇದೆ. ಹಡಗಿನ ಹೊಗೆ ಇದನ್ನು ಗೊತ್ತಿಲ್ಲದೆಯೇ ಮಾಡುತ್ತಿತ್ತು, ಹಡಗು ಹೋದ ದಾರಿಯಲ್ಲಿ ಬಿಳಿ ಗೆರೆ ಉಪಗ್ರಹಕ್ಕೆ ಕಾಣುತ್ತಿತ್ತು. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ 0.5ಕ್ಕೆ ಇಳಿಸಿದರು, ಗೆರೆಗಳು ಕಡಿಮೆಯಾದವು. ಉಸಿರಾಟಕ್ಕೆ ಒಳ್ಳೆಯದಾಯಿತು, ಸ್ವಲ್ಪ ನೆರಳು ಹೋಯಿತು. ಬೇಕೆಂದೇ ಸಿಂಪಡಿಸುವುದರ ಬಗ್ಗೆ ನನಗೆ ಒಲವಿಲ್ಲ. ಒಂದು ಕಡೆ ಸಮುದ್ರ ತಂಪು ಮಾಡಿದರೆ ಇನ್ನೊಂದು ಕಡೆಯ ಮಳೆ ಜಾಗ ಬದಲಿಸಬಹುದು, ಆಗ ಜಗಳ ಬರುವುದು ಭಾವನ ಜೊತೆಯಲ್ಲ, ದೇಶಗಳ ನಡುವೆ.

ಮಲ್ನಾಡ್_ಸೀಮೆ:

ಭಾವನಿಗೆ ಓದಿ ಹೇಳಿದೆ. ಲೆಕ್ಕ ಎಲ್ಲ ಬೇಡ, ಕಣ್ಣಲ್ಲಿ ತೋರಿಸು ಅಂದರು. ಈ ಮೇಲ್ಮೋಡ ಕೆಳಮೋಡ ವ್ಯತ್ಯಾಸ ನಮಗೆ ಎಲ್ಲಾದರೂ ನೋಡಲು ಸಿಗುತ್ತದಾ?

ರಾಕೆಟ್‌ಪ್ರಿಯ:

ಸಿಗುತ್ತದೆ, ದುಡ್ಡೂ ಕೊಡಬೇಕಿಲ್ಲ. ಭಾರತೀಯ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಉಪಗ್ರಹ ವಿಭಾಗಕ್ಕೆ ಹೋಗಿ. ಇನ್ಸಾಟ್ 3ಡಿಆರ್ ಮತ್ತು 3ಡಿಎಸ್ ಚಿತ್ರಗಳಿರುತ್ತವೆ. ಒಂದೇ ಹೊತ್ತಿನ ಎರಡು ಚಿತ್ರ ತೆರೆಯಿರಿ. ಒಂದು ಸಾಮಾನ್ಯ ಬೆಳಕಿನದು, ಇನ್ನೊಂದು ಅವಗೆಂಪಿನದು, ಇನ್‌ಫ್ರಾರೆಡ್ ಅಂತ ಬರೆದಿರುತ್ತದೆ. ಮಧ್ಯಾಹ್ನದ ಹೊತ್ತಿನದೇ ಆಗಬೇಕು, ರಾತ್ರಿ ಮೊದಲನೆಯದರಲ್ಲಿ ಬರೀ ಕತ್ತಲು. ಅವಗೆಂಪಿನಲ್ಲಿ ಹೆಚ್ಚು ಬೆಳ್ಳಗೆ ಕಂಡಷ್ಟೂ ಮೋಡದ ತುದಿ ಹೆಚ್ಚು ತಣ್ಣಗೆ, ಅಂದರೆ ಹೆಚ್ಚು ಎತ್ತರ. ಮಳೆಗಾಲದಲ್ಲಿ ಬಂಗಾಳಕೊಲ್ಲಿಯ ಮೋಡ ಎರಡರಲ್ಲೂ ಬೆಳ್ಳಗಿರುತ್ತದೆ. ಅರಬ್ಬಿ ಸಮುದ್ರದ ಪಶ್ಚಿಮ ಭಾಗ ನೋಡಿ, ಸಾಮಾನ್ಯ ಚಿತ್ರದಲ್ಲಿ ಮೋಡ ಇರುತ್ತದೆ, ಅವಗೆಂಪಿನಲ್ಲಿ ಅದು ಸಮುದ್ರದ ಬಣ್ಣಕ್ಕೇ ಹತ್ತಿರ ಬಂದು ಹೆಚ್ಚುಕಡಿಮೆ ಮರೆಯಾಗುತ್ತದೆ. ಅದೇ ಕೆಳಮೋಡ. ಬಿಸಿಲು ತಡೆಯುತ್ತದೆ, ಶಾಖ ಅಷ್ಟಾಗಿ ತಡೆಯುವುದಿಲ್ಲ. ಭಾವನವರಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಫೋನ್‌ಗಿಂತ ದೊಡ್ಡ ಪರದೆ ಇದ್ದರೆ ಒಳ್ಳೆಯದು.